ಪರಂಗಿಯ ನಂಜುರೋಗ: ಪ್ರೋಟೀನ್ ಕಾರ್ಖಾನೆಯ ಬಾಗಿಲಲ್ಲಿ ನಡೆಯುವ ಪೈಪೋಟಿ

(ಸಂಘದ ವಾರ್ಷಿಕ ಶೈಕ್ಷಣಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ವಿಜ್ಞಾನದ ಯಾವುದಾದರೂ ಒಂದು ವಿಷಯವನ್ನು ಊರಿನ ಜನರಿಗೂ ಪಿಯುಸಿ ಮಕ್ಕಳಿಗೂ ಒಟ್ಟಿಗೆ ಅರ್ಥವಾಗುವಂತೆ ಹೇಳಬೇಕೆಂದು ಪದಾಧಿಕಾರಿಗಳು ಕೇಳಿಕೊಂಡರು. ಹೊಣಕೆರೆ ಹೋಬಳಿ ಮಳೆಯನ್ನು ನಂಬಿದ ಸೀಮೆ. ರಾಗಿ, ಹುರಳಿ, ಅಲಸಂದೆ, ಅವರೆ, ತೆಂಗು ನಮ್ಮ ಬೆಳೆಗಳು. ಹಿತ್ತಲಲ್ಲಿ ಒಂದೆರಡು ಪರಂಗಿ ಗಿಡ ಇಲ್ಲದ ಮನೆ ಕಡಿಮೆ. ಕೊಳವೆಬಾವಿ ಇರುವವರು ಪರಂಗಿಯನ್ನು ತೋಟವಾಗಿಯೇ ಹಾಕುವುದುಂಟು. ಆ ಪರಂಗಿಗೆ ಬರುವ ಒಂದು ರೋಗವನ್ನು ಹಿಡಿದುಕೊಂಡು, ಅದರ ಬೆನ್ನು ಹತ್ತಿ ಗಿಡದ ಜೀವಕೋಶದ ಒಳಗೆ ಹೋಗಿ ಬರೋಣ ಎಂದುಕೊಂಡಿದ್ದೇನೆ.

ರೋಗದ ಗುರುತು ನಿಮಗೆಲ್ಲ ಗೊತ್ತು. ಸುಳಿಯ ಎಲೆಗಳು ಹಳದಿ ಹಸಿರು ಬೆರೆತ ಚಿತ್ತಾರದಂತೆ ಆಗುತ್ತವೆ. ಎಲೆ ಅಗಲವಾಗದೆ ದಾರದಂತೆ ಸಣ್ಣಗಾಗುತ್ತದೆ. ಎಲೆಯ ತೊಟ್ಟಿನ ಮೇಲೆ, ಕಾಂಡದ ಮೇಲೆ ಎಣ್ಣೆ ಸವರಿದಂಥ ಕಡುಹಸಿರು ಗೀರುಗಳು ಕಾಣುತ್ತವೆ. ಕಾಯಿಯ ಮೇಲೆ ಉಂಗುರ ಒತ್ತಿದಂಥ ಗುರುತುಗಳು ಮೂಡುತ್ತವೆ. ಹಣ್ಣಾದರೂ ಸಿಹಿ ಇರುವುದಿಲ್ಲ. ಇದಕ್ಕೆ ಪರಂಗಿಯ ಉಂಗುರ ಚುಕ್ಕೆ ನಂಜುರೋಗ ಎನ್ನುತ್ತಾರೆ. ಎಳೆಯ ಗಿಡಕ್ಕೆ ತಗುಲಿತೆಂದರೆ ಆ ಗಿಡದ ಆಸೆ ಬಿಡಬೇಕು.

ರೈತರು ಎಲೆ ಕಿತ್ತುಕೊಂಡು ಔಷಧಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಏನೋ ಒಂದು ಬಾಟಲಿ ಕೊಡುತ್ತಾರೆ. "ಮೂರು ಸಲ ಹೊಡೆದೆ ಮೇಷ್ಟ್ರೇ, ದುಡ್ಡು ಹೋಯಿತೇ ಹೊರತು ಗಿಡ ಚಿಗುರಲಿಲ್ಲ" ಎಂದು ನನ್ನ ಬಳಿ ಹೇಳಿದವರು ಒಬ್ಬಿಬ್ಬರಲ್ಲ. ಬೂಷ್ಟು ರೋಗಕ್ಕೆ ಶಿಲೀಂಧ್ರನಾಶಕವಿದೆ, ಹುಳಕ್ಕೆ ಕೀಟನಾಶಕವಿದೆ. ನಂಜುರೋಗ ಹತ್ತಿದ ಗಿಡವನ್ನು ಹೊಲದಲ್ಲಿ ನಿಂತು ಗುಣಪಡಿಸುವ ಔಷಧಿ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ. ಏಕೆ ಇಲ್ಲ ಎಂಬುದೇ ಇಂದಿನ ಮಾತಿನ ತಿರುಳು.

ಈ ರೋಗಕ್ಕೆ ಕಾರಣವಾದ ವೈರಸ್ಸು ಸುಮಾರು 760ರಿಂದ 800 ನ್ಯಾನೋಮೀಟರ್ ಉದ್ದದ, 12 ನ್ಯಾನೋಮೀಟರ್ ದಪ್ಪದ ಎಳೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಎಳೆಯ ಒಳಗೆ ಒಂದೇ ಒಂದು ಆರ್‌ಎನ್‌ಎ ದಾರವಿದೆ. ಅದರಲ್ಲಿ ಸುಮಾರು 10,300 ಅಕ್ಷರಗಳು. ದಾರದ ಸುತ್ತ ಒಂದೇ ಬಗೆಯ ಪ್ರೋಟೀನಿನ ಸುಮಾರು ಎರಡು ಸಾವಿರ ತುಣುಕುಗಳು ಹೆಣೆದುಕೊಂಡು ಕವಚವಾಗಿವೆ. ಇಷ್ಟೇ ವೈರಸ್ಸು. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಾಟವಿಲ್ಲ. ಮುಖ್ಯವಾಗಿ, ಪ್ರೋಟೀನ್ ತಯಾರಿಸುವ ಯಂತ್ರವಿಲ್ಲ. ಬ್ಯಾಕ್ಟೀರಿಯಾಕ್ಕೆ ತನ್ನದೇ ಯಂತ್ರವಿದೆ. ಆ ಯಂತ್ರ ನಮ್ಮದಕ್ಕಿಂತ ಬೇರೆಯಾಗಿರುವುದರಿಂದಲೇ ಸ್ಟ್ರೆಪ್ಟೋಮೈಸಿನ್ ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ. ವೈರಸ್ಸಿನಲ್ಲಿ ವಿಷ ಹಾಕಲು ಅಂಥ ಯಂತ್ರವೇ ಇಲ್ಲ. ಅದು ಬಳಸುವುದು ಗಿಡದ ಯಂತ್ರವನ್ನು. ಆ ಯಂತ್ರಕ್ಕೆ ವಿಷ ಹಾಕಿದರೆ ಸಾಯುವುದು ಗಿಡ.

ಯಂತ್ರದ ಹೆಸರು ರೈಬೋಸೋಮ್. ಪಿಯುಸಿ ವಿದ್ಯಾರ್ಥಿಗಳು ಓದಿರುತ್ತೀರಿ. ಜೀವಕೋಶದ ನಡುವೆ ಕೋಶಕೇಂದ್ರ, ಅದರಲ್ಲಿ ಡಿಎನ್‌ಎ. ಯಾವ ಪ್ರೋಟೀನ್ ಬೇಕೋ ಅದರ ನಕಲು ಸಂದೇಶವಾಹಕ ಆರ್‌ಎನ್‌ಎ ರೂಪದಲ್ಲಿ ಹೊರಗೆ ಬರುತ್ತದೆ. ಹೊರಗೆ ಲಕ್ಷಗಟ್ಟಲೆ ರೈಬೋಸೋಮುಗಳಿವೆ. ಅವು ಆ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದಿ, ಒಂದೊಂದು ಅಮೈನೋ ಆಮ್ಲವನ್ನು ಪೋಣಿಸಿ ಪ್ರೋಟೀನ್ ಮಾಡುತ್ತವೆ. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ತಂದಂತೆ ಆಗುವುದರಿಂದ ಇದಕ್ಕೆ ಅನುವಾದ ಎಂದು ಹೆಸರಿಟ್ಟಿದ್ದಾರೆ.

ಇದನ್ನು ನಮ್ಮ ಜಿಲ್ಲೆಯ ಒಂದು ನೋಟದಿಂದ ವಿವರಿಸಬಹುದು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಮುಂದೆ ಪಾಂಡವಪುರದಲ್ಲಿ, ಬೇರೆ ಕಡೆಗಳಲ್ಲಿ ಕೂಡ ಕಾರ್ಖಾನೆಗಳು ಬಂದವು. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಮುಂದೆ ಗಾಡಿ, ಟ್ರ್ಯಾಕ್ಟರು, ಲಾರಿಗಳ ಸಾಲು ನಿಲ್ಲುವುದನ್ನು ನೋಡಿದ್ದೀರಿ. ಅರೆಯುವ ಯಂತ್ರ ಎಷ್ಟೇ ದೊಡ್ಡದಿರಲಿ, ಒಳಗೆ ಬಿಡುವುದು ಗೇಟಿನಲ್ಲಿ. ಗೇಟಿನವನು ಪರ್ಮಿಟ್ ನೋಡುತ್ತಾನೆ. ಪರ್ಮಿಟ್ ಇದ್ದವರಿಗೆ ಪಾಳಿ. ಕಡಿದ ಕಬ್ಬು ಸಾಲಿನಲ್ಲಿ ಬಿಸಿಲಿಗೆ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಗೇಟಿನಲ್ಲಿ ಯಾರಾದರೂ ಸುಳ್ಳು ಪರ್ಮಿಟ್ ತೋರಿಸಿ ನುಗ್ಗಿದರೆ ಹಿಂದಿನವರಿಗೆ ಆಗುವ ನಷ್ಟ ಬರೀ ಹೊತ್ತಿನದಲ್ಲ, ಮಾಲಿನದು ಕೂಡ.

ಜೀವಕೋಶದಲ್ಲೂ ಹೀಗೆಯೇ. ಗಿಡದ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ಮೀಥೈಲ್ ಗ್ವಾನೋಸಿನ್ ಎಂಬ ಒಂದು ವಿಶೇಷ ಅಣು ಕೂತಿರುತ್ತದೆ. ಇದನ್ನು ವಿಜ್ಞಾನಿಗಳು ಕ್ಯಾಪ್ ಎನ್ನುತ್ತಾರೆ, ನಾವು ಟೋಪಿ ಎನ್ನೋಣ. ಈ ಟೋಪಿಯೇ ಪರ್ಮಿಟ್. ಗೇಟಿನಲ್ಲಿ ನಿಂತು ಟೋಪಿಯನ್ನು ಹಿಡಿದು ನೋಡುವ ಪ್ರೋಟೀನಿಗೆ ಇಐಎಫ್-4ಇ ಎಂದು ಹೆಸರು. ಹೆಸರು ಬಾಯಿಗೆ ಬರದಿದ್ದರೆ ಗೇಟಿನವನು ಎಂದೇ ನೆನಪಿಟ್ಟುಕೊಳ್ಳಿ. ಅವನು ಟೋಪಿ ಹಿಡಿದ ಮೇಲೆ 4ಜಿ ಎಂಬ ಇನ್ನೊಂದು ದೊಡ್ಡ ಪ್ರೋಟೀನ್ ಬಂದು ಸೇರಿಕೊಂಡು, ರೈಬೋಸೋಮನ್ನು ಕರೆದು ಕೂರಿಸುತ್ತದೆ. (4ಜಿ ಎಂದ ಕೂಡಲೇ ಹುಡುಗರು ಮೊಬೈಲ್ ನೆನೆದು ನಗುತ್ತಿದ್ದೀರಿ. ಈ ಹೆಸರು ಮೊಬೈಲಿನ 4ಜಿಗಿಂತ ಹಳೆಯದು.) ಒಮ್ಮೆ ರೈಬೋಸೋಮ್ ಕೂತು ಓದಲು ತೊಡಗಿದರೆ ಮುಂದಿನ ಕೆಲಸ ಸರಾಗ. ಸಾಮಾನ್ಯವಾಗಿ ಇಡೀ ಕೆಲಸದ ವೇಗ ತೀರ್ಮಾನವಾಗುವುದು ಈ ಆರಂಭದ ಘಟ್ಟದಲ್ಲಿ. ಬಾಗಿಲು ಸಿಗದೆ ಹೊರಗೆ ಉಳಿದ ಸಂದೇಶದ ಟೋಪಿ ಕಳಚುತ್ತದೆ, ಅದು ತುಂಡಾಗಿ ಹಾಳಾಗುತ್ತದೆ. ಬಿಸಿಲಿನ ಕಬ್ಬಿನ ಪಾಡೇ.

ಗಿಡಗಳಲ್ಲಿ ಈ ಗೇಟಿನವನು ಒಬ್ಬನಲ್ಲ, ಅಣ್ಣತಮ್ಮಂದಿರಂತೆ ಇಬ್ಬರಿದ್ದಾರೆ. ಇನ್ನೊಬ್ಬನ ಹೆಸರು ಐಸೋ-4ಇ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಾರೆ. ಮುಂದೆ ಇದು ಬಹಳ ಮುಖ್ಯವಾಗುತ್ತದೆ, ಮರೆಯಬೇಡಿ.

ಈಗ ವೈರಸ್ಸಿಗೆ ಬರೋಣ. ಒಂದು ಗಿಡಹೇನು ರೋಗದ ಗಿಡದಲ್ಲಿ ಸೊಂಡಿಲು ಚುಚ್ಚಿ, ಹಾರಿ ಬಂದು ನಮ್ಮ ಗಿಡವನ್ನು ಚುಚ್ಚುತ್ತದೆ. ವೈರಸ್ಸು ಜೀವಕೋಶದೊಳಗೆ ಬಿದ್ದು ಕವಚ ಕಳಚಿಕೊಳ್ಳುತ್ತದೆ. ಆರ್‌ಎನ್‌ಎ ದಾರ ಬರಿಮೈಯಲ್ಲಿ ನಿಲ್ಲುತ್ತದೆ. ಸುತ್ತ ಗಿಡದ ಸಾವಿರಾರು ಸಂದೇಶಗಳು ಟೋಪಿ ಹಾಕಿಕೊಂಡು ಓಡಾಡುತ್ತಿವೆ. ಕೋಶಕೇಂದ್ರದೊಳಗೆ ಹೋಗಿ ಹುಟ್ಟಿ ಬಂದದ್ದಲ್ಲವಾದ್ದರಿಂದ ಇದಕ್ಕೆ ಟೋಪಿ ಇಲ್ಲ. ಸಾವಿರಾರು ಜನರ ಸಂತೆಯಲ್ಲಿ ಪರ್ಮಿಟ್ ಇಲ್ಲದ ಒಬ್ಬ. ಇವನಿಗೆ ಪಾಳಿ ಸಿಗುವುದಾದರೂ ಹೇಗೆ?

ಪರಂಗಿಯ ಈ ವೈರಸ್ಸು ಪಾಟಿವೈರಸ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅಲಸಂದೆಯ ಮೊಸಾಯಿಕ್ ನಂಜು, ಆಲೂಗಡ್ಡೆಯ ವೈ ವೈರಸ್ಸು, ಕಬ್ಬಿನ ಮೊಸಾಯಿಕ್ ಕೂಡ ಇದೇ ಕುಟುಂಬದವು. ಇವುಗಳ ಆರ್‌ಎನ್‌ಎಯ ತುದಿಯಲ್ಲಿ ಟೋಪಿಯ ಬದಲು ವಿಪಿಜಿ ಎಂಬ ಸಣ್ಣ ಪ್ರೋಟೀನ್ ಅಂಟಿಕೊಂಡಿರುತ್ತದೆ. 1997ರಲ್ಲಿ ಕೆನಡಾದ ಲಾಲಿಬೆರ್ಟೆ ಅವರ ತಂಡ ಟರ್ನಿಪ್ ಮೊಸಾಯಿಕ್ ವೈರಸ್ಸಿನ ವಿಪಿಜಿ ಗಿಡದ ಯಾವ ಪ್ರೋಟೀನನ್ನು ಹಿಡಿಯುತ್ತದೆ ಎಂದು ಹುಡುಕಿತು. ಸಿಕ್ಕಿದ್ದು ಯಾರು? ಗೇಟಿನವನ ತಮ್ಮ ಐಸೋ-4ಇ! ಅಂದರೆ ಟೋಪಿ ಇಲ್ಲದ ಆರ್‌ಎನ್‌ಎ, ಟೋಪಿ ನೋಡುವವನ ಕೈಯನ್ನೇ ಹಿಡಿದುಕೊಂಡಿತ್ತು. ಕನ್ನಡದಲ್ಲಿ ಮೋಸ ಮಾಡುವುದಕ್ಕೆ ಟೋಪಿ ಹಾಕುವುದು ಎನ್ನುತ್ತೇವೆ. ಇಲ್ಲಿ ಟೋಪಿಯೇ ಇಲ್ಲದವನು ಟೋಪಿ ಹಾಕುತ್ತಿದ್ದಾನೆ.

ಹಿಡಿಯುತ್ತದೆ ಸರಿ, ಅದರಿಂದ ಗಿಡದ ಸಂದೇಶಗಳಿಗೆ ನಿಜವಾಗಿ ತೊಂದರೆ ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ನೇರವಾಗಿ ನೋಡಿತು. ಗೋಧಿ ಕಾಳಿನ ಮೊಳಕೆಯ ಭಾಗವನ್ನು ಅರೆದು ತೆಗೆದ ಸಾರದಲ್ಲಿ ರೈಬೋಸೋಮುಗಳೂ ಗೇಟಿನ ಪ್ರೋಟೀನುಗಳೂ ಎಲ್ಲ ಇರುತ್ತವೆ. ಕೊಳವೆಯೊಳಗೇ ಪ್ರೋಟೀನ್ ತಯಾರಾಗುತ್ತದೆ. ಇದಕ್ಕೆ ವಿಪಿಜಿಯನ್ನು ಸೇರಿಸಿದಾಗ ಟೋಪಿಯುಳ್ಳ ಆರ್‌ಎನ್‌ಎಯ ಅನುವಾದ ಕುಗ್ಗಿತು, ಟೋಪಿ ಇಲ್ಲದ ವೈರಸ್ಸಿನ ಆರ್‌ಎನ್‌ಎಯ ಅನುವಾದ ಹೆಚ್ಚಿತು. ಒಂದೇ ಬಟ್ಟಲು, ಒಬ್ಬರಿಗೆ ಹೆಚ್ಚಾದದ್ದು ಇನ್ನೊಬ್ಬರಿಗೆ ಕಡಿಮೆಯಾಯಿತು. ಪೈಪೋಟಿ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ ಎಂದು ನನಗೆ ಅನಿಸುತ್ತದೆ. ಆದರೆ ಕೊಳವೆಯಲ್ಲಿ ಕಂಡದ್ದೆಲ್ಲ ಎಲೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆಂದು ಹೇಳಲಾಗದು. ವಿಪಿಜಿಗೆ ಬೇರೆ ಕೆಲಸಗಳೂ ಇವೆ. ಆರ್‌ಎನ್‌ಎಯ ಹೊಸ ಪ್ರತಿಗಳನ್ನು ತೆಗೆಯುವಾಗಲೂ ಅದು ಬೇಕು.

ಇನ್ನು ಈ ವೈರಸ್ಸು ಗಿಡದ ಯಂತ್ರದಿಂದ ಎಷ್ಟು ದುಡಿಸಿಕೊಳ್ಳುತ್ತದೆ ಎಂಬ ಲೆಕ್ಕ. ವಿದ್ಯಾರ್ಥಿಗಳು ಬರೆದುಕೊಳ್ಳಿ, ಇದು ಗುಣಾಕಾರ ಅಷ್ಟೆ. ಪಾಟಿವೈರಸ್ಸು ತನ್ನ ಪ್ರೋಟೀನುಗಳನ್ನು ಬೇರೆ ಬೇರೆಯಾಗಿ ಮಾಡಿಸುವುದಿಲ್ಲ. ಎಲ್ಲವನ್ನೂ ಒಂದೇ ಉದ್ದನೆಯ ಸರವಾಗಿ ಮಾಡಿಸಿ, ಆಮೇಲೆ ತನ್ನದೇ ಕತ್ತರಿ ಪ್ರೋಟೀನುಗಳಿಂದ ಹತ್ತು ತುಂಡಾಗಿ ಕತ್ತರಿಸಿಕೊಳ್ಳುತ್ತದೆ. ಪರಂಗಿಯ ವೈರಸ್ಸಿನಲ್ಲಿ ಈ ಸರದ ಉದ್ದ 3,344 ಅಮೈನೋ ಆಮ್ಲ. ಅದರ ಕೊನೆಯ ತುಂಡು, ಸುಮಾರು ಹನ್ನೆರಡನೇ ಒಂದು ಪಾಲು, ಕವಚದ ಪ್ರೋಟೀನು. ಒಂದು ವೈರಸ್ಸಿನ ಕವಚಕ್ಕೆ ಇಂಥ ಸುಮಾರು ಎರಡು ಸಾವಿರ ತುಂಡು ಬೇಕು. ಒಂದು ಸರಕ್ಕೆ ಒಂದೇ ಕವಚದ ತುಂಡು. ಆದ್ದರಿಂದ ಎರಡು ಸಾವಿರ ಸರ ಪೋಣಿಸಲೇಬೇಕು. 3,344ನ್ನು 2,000ದಿಂದ ಗುಣಿಸಿದರೆ 66 ಲಕ್ಷ 88 ಸಾವಿರ. ಒಂದು, ಕೇವಲ ಒಂದು ವೈರಸ್ ಎಳೆಗೆ ಗಿಡ ತನ್ನ ಅರವತ್ತಾರು ಲಕ್ಷ ಅಮೈನೋ ಆಮ್ಲ ಪೋಣಿಸಿಕೊಡಬೇಕು. ಒಂದೊಂದು ಅಮೈನೋ ಆಮ್ಲ ಸೇರಿಸಲು ಎಟಿಪಿ ಲೆಕ್ಕದಲ್ಲಿ ಸುಮಾರು ನಾಲ್ಕು ಘಟಕ ಶಕ್ತಿ ಖರ್ಚು. ಹಾಗಾದರೆ ಎರಡೂವರೆ ಕೋಟಿಗೂ ಮೇಲೆ! ಒಂದು ಜೀವಕೋಶದಲ್ಲಿ ಹುಟ್ಟುವುದು ಒಂದೇ ಎಳೆಯೂ ಅಲ್ಲ.

ಇದಕ್ಕೆ ಹೋಲಿಸಿದರೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸು ಲೆಕ್ಕಾಚಾರದ ಮನುಷ್ಯ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ನೆಂಟರಿದ್ದರೆ ಅವರಿಗೆ ಇದರ ಪರಿಚಯವಿರುತ್ತದೆ. ಅದರ ಕವಚಕ್ಕೆ 2,130 ತುಂಡು ಬೇಕು, ಒಂದೊಂದು ತುಂಡು 158 ಅಮೈನೋ ಆಮ್ಲದ್ದು. ಕವಚದ ಪ್ರೋಟೀನಿಗೆಂದೇ ಅದು ಪ್ರತ್ಯೇಕವಾದ ಚಿಕ್ಕ ಆರ್‌ಎನ್‌ಎಯನ್ನು ಮಾಡಿಕೊಳ್ಳುತ್ತದೆ. ಗುಣಿಸಿದರೆ 3 ಲಕ್ಷ 36 ಸಾವಿರದ 540. ಕವಚದ ಮಟ್ಟಿಗೆ ಇಪ್ಪತ್ತನೇ ಒಂದು ಪಾಲು ಖರ್ಚು. ಅದಕ್ಕೆ ಟೋಪಿಯೂ ಇದೆ. ಟೋಪಿಯ ಅಣುವನ್ನು ತನ್ನ ಸ್ವಂತ ಕಿಣ್ವದಿಂದ ತಯಾರಿಸಿಕೊಳ್ಳುತ್ತದೆ. ಟೋಪಿಯ ಪಕ್ಕದಲ್ಲೇ ಒಮೇಗಾ ಎಂಬ 68 ಅಕ್ಷರಗಳ ತುಣುಕೊಂದಿದೆ. ಆ ತುಣುಕನ್ನು ಬೇರೆ ಯಾವ ಸಂದೇಶದ ಮುಂದೆ ಅಂಟಿಸಿದರೂ ಅದರ ಅನುವಾದ ಹೆಚ್ಚುತ್ತದೆಂದು 1987ರಲ್ಲಿಯೇ ತೋರಿಸಿದರು. ಜೈವಿಕ ತಂತ್ರಜ್ಞಾನದ ಪ್ರಯೋಗಾಲಯಗಳು ಅದನ್ನು ಬಹಳ ಬಳಸಿಕೊಂಡಿವೆ. ವೈರಸ್ಸಿನ ಕಳ್ಳದಾರಿ ಮನುಷ್ಯನ ಉಪಯೋಗಕ್ಕೂ ಬಂತು.

ಕಡಲೆಕಾಯಿ, ಟೊಮೆಟೊ ಬೆಳೆಯುವವರಿಗೆ ಗೊತ್ತಿರುವ ಇನ್ನೊಂದು ನಂಜಿದೆ. ಸುಳಿ ಸುಟ್ಟಂತಾಗಿ ಒಣಗುತ್ತದೆ, ಥ್ರಿಪ್ಸ್ ನುಸಿಯಿಂದ ಹರಡುತ್ತದೆ. ಆ ಗುಂಪಿನ ವೈರಸ್ಸುಗಳದು ಹಗಲುದರೋಡೆ. ಗಿಡದ ಸಂದೇಶವನ್ನು ಹಿಡಿದು, ಅದರ ಟೋಪಿಯನ್ನು ಹತ್ತರಿಂದ ಇಪ್ಪತ್ತು ಅಕ್ಷರಗಳ ತುಂಡಿನ ಸಮೇತ ಕತ್ತರಿಸಿ ತಂದು, ತನ್ನ ಆರ್‌ಎನ್‌ಎಯ ತಲೆಗೆ ಅಂಟಿಸಿಕೊಳ್ಳುತ್ತವೆ. ಮುಂದಿನ ಗಾಡಿಯವನ ಪರ್ಮಿಟ್ ಕಿತ್ತುಕೊಂಡ ಹಾಗೆ. ತಲೆ ಕಳೆದುಕೊಂಡ ಗಿಡದ ಸಂದೇಶ ಅಲ್ಲಿಗೆ ಮುಗಿಯಿತು. ಮತ್ತೆ ಕೆಲವು ವೈರಸ್ಸುಗಳು ತಲೆಯ ಬದಲು ಬಾಲದಿಂದ ಗೇಟಿನವರನ್ನು ಹಿಡಿದು ಸುತ್ತಿ ತರುತ್ತವೆ. ಅದರ ವಿವರಕ್ಕೆ ಹೋಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ಅವರ ತಂಡಗಳು ಸಸ್ಯ ವೈರಸ್ಸುಗಳ ರಚನೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿವೆ. ಅವರು ಹೆಚ್ಚು ಕೆಲಸ ಮಾಡಿದ ಒಂದು ವೈರಸ್ಸು ನಮ್ಮ ಅಗಸೆ ಮರದ್ದು. ಕೆಲವು ಕಡೆ ಚೊಗಚೆ ಎನ್ನುತ್ತಾರೆ, ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ನೆಡುವ ಮರ. ಅದರ ಮೊಸಾಯಿಕ್ ವೈರಸ್ಸಿನ ಆರ್‌ಎನ್‌ಎ ಸುಮಾರು ನಾಲ್ಕು ಸಾವಿರ ಅಕ್ಷರದ್ದು. ಅದರ ತುದಿಯಲ್ಲಿಯೂ ವಿಪಿಜಿ ಇದೆ. 2005ರಲ್ಲಿ ಸಾವಿತ್ರಿ ಅವರ ತಂಡ ತೋರಿಸಿದ್ದೇನೆಂದರೆ, ಈ ವಿಪಿಜಿಗೆ ಬಿಡಿಯಾಗಿದ್ದಾಗ ನಿಶ್ಚಿತವಾದ ಆಕಾರವೇ ಇಲ್ಲ, ಹುರಿ ಬಿಚ್ಚಿದ ಹಗ್ಗದ ಹಾಗೆ ಸಡಿಲವಾಗಿರುತ್ತದೆ. ಆದರೂ ಅದು ಜೊತೆಗಿದ್ದರೆ ಮಾತ್ರ ವೈರಸ್ಸಿನ ಕತ್ತರಿ ಪ್ರೋಟೀನು ಕೆಲಸ ಮಾಡುತ್ತದೆ. ಆಕಾರವಿಲ್ಲದ್ದು ಎಂದರೆ ನಿರುಪಯೋಗಿ ಎಂದುಕೊಳ್ಳುವಂತಿಲ್ಲ. ಸಡಿಲವಾಗಿರುವುದರಿಂದಲೇ ವಿಪಿಜಿಯಂಥ ಪ್ರೋಟೀನು ಹಲವು ಕೈಗಳನ್ನು ಹಿಡಿಯಬಲ್ಲದು. ಇಂಥ ಕೆಲಸ ನಮ್ಮಿಂದ ಮೂರು ನಾಲ್ಕು ಗಂಟೆ ಪ್ರಯಾಣದ ದೂರದಲ್ಲಿ ನಡೆದಿದೆ.

ಇಷ್ಟು ಕೇಳಿದ ಮೇಲೆ, ವೈರಸ್ಸು ಗಿಡದ ಅನುವಾದವನ್ನೆಲ್ಲ ನಿಲ್ಲಿಸಿಬಿಡುತ್ತದೆ, ಅದರಿಂದಲೇ ಗಿಡ ಹಳದಿಯಾಗುತ್ತದೆ ಎಂದು ನೀವು ತೀರ್ಮಾನಿಸಬಹುದು. ಅಷ್ಟು ಸರಳವಲ್ಲ. ಮನುಷ್ಯನಿಗೆ ಬರುವ ಪೋಲಿಯೋ ವೈರಸ್ಸು ಹಾಗೆ ಮಾಡುತ್ತದೆ. ನಾನು ಆಗಲೇ ಹೇಳಿದ 4ಜಿ ಪ್ರೋಟೀನನ್ನು ಅದು ಕತ್ತರಿಸಿ ಹಾಕುತ್ತದೆ. ಟೋಪಿಯುಳ್ಳ ಸಂದೇಶಗಳಿಗೆ ಬಾಗಿಲು ಮುಚ್ಚುತ್ತದೆ, ಜೀವಕೋಶ ಸಾಯುತ್ತದೆ. ಸಸ್ಯ ವೈರಸ್ಸುಗಳು ಹೀಗೆ ಬಾಗಿಲು ಒಡೆಯುವುದಿಲ್ಲ. ಅವಕ್ಕೆ ಗಿಡ ಬದುಕಿದ್ದರೇ ಲಾಭ. 1995ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ವಿಜ್ಞಾನಿಗಳು ಬಟಾಣಿ ಬೀಜದಲ್ಲಿ ಒಂದು ಪಾಟಿವೈರಸ್ಸು ಹರಡುವುದನ್ನು ಕೋಶ ಕೋಶವಾಗಿ ನೋಡಿದರು. ಒಣಹುಲ್ಲಿಗೆ ಬೆಂಕಿ ಬಿದ್ದಾಗ ಉರಿಯುವ ಅಂಚು ಮುಂದೆ ಮುಂದೆ ಸರಿಯುತ್ತದಲ್ಲ, ಹಾಗೆ ವೈರಸ್ಸು ಚುರುಕಾಗಿ ವೃದ್ಧಿಯಾಗುವ ಒಂದು ಅಂಚು ಸರಿಯುತ್ತದೆ. ಆ ಅಂಚಿನಲ್ಲಿರುವ ಕೋಶಗಳಲ್ಲಿ ಗಿಡದ ಅನೇಕ ಸಂದೇಶಗಳು ಮಾಯವಾಗಿದ್ದವು. ಅಂಚು ಮುಂದೆ ಹೋದ ಮೇಲೆ ಹಿಂದೆ ಉಳಿದ ಕೋಶಗಳು ಮತ್ತೆ ಚೇತರಿಸಿಕೊಂಡಿದ್ದವು. ಹಾಗಾಗಿ ಬಾಗಿಲಿನ ಪೈಪೋಟಿ ಗಿಡದ ಕಷ್ಟದ ಒಂದು ಭಾಗ. ಸಂದೇಶಗಳ ನಾಶ, ಗಿಡದ ಬೆಳವಣಿಗೆಯ ಸಂಕೇತಗಳಲ್ಲಿ ಗೊಂದಲ, ಪತ್ರಹರಿತ್ತಿನ ತೊಂದರೆ ಉಳಿದ ಭಾಗಗಳು. ಕೆಲವು ಪುಸ್ತಕಗಳು ಈ ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಿಬಿಡುತ್ತವೆ. ಪರೀಕ್ಷೆಗೆ ಅನುಕೂಲವಿರಬಹುದು, ನಿಜ ಹಾಗಿಲ್ಲ.

ಗಿಡವೂ ಸುಮ್ಮನೆ ಕೂರುವುದಿಲ್ಲ. ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ, ಅದು ರೈಬೋಸೋಮಿನ ಬಾಗಿಲಿಗೆ ಬರುವ ಮೊದಲೇ ದಾರಿಯಲ್ಲಿ 21ರಿಂದ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುವ ವ್ಯವಸ್ಥೆ ಗಿಡಕ್ಕಿದೆ. ಪಾಟಿವೈರಸ್ಸು ಇದನ್ನು ತಡೆಯಲು ಇನ್ನೊಂದು ಪ್ರೋಟೀನನ್ನು ಇಟ್ಟುಕೊಂಡಿದೆ, ಅದು ಬೇರೆ ಮಾತು. ಹವಾಯಿ ದ್ವೀಪದಲ್ಲಿ ಪರಂಗಿ ಉಳಿದದ್ದು ಗಿಡದ ಈ ಶಕ್ತಿಯಿಂದ. ಅಲ್ಲಿ ಪೂನಾ ಎಂಬ ಪ್ರದೇಶ ಪರಂಗಿಯ ಕಣಜ. 1992ರಲ್ಲಿ ಈ ಉಂಗುರ ಚುಕ್ಕೆ ವೈರಸ್ಸು ಅಲ್ಲಿಗೂ ತಲುಪಿ ಕೆಲವೇ ವರ್ಷಗಳಲ್ಲಿ ತೋಟಗಳನ್ನು ನುಂಗಿತು. ಹವಾಯಿಯಲ್ಲೇ ಹುಟ್ಟಿ ಬೆಳೆದ ಡೆನ್ನಿಸ್ ಗೊನ್ಸಾಲ್ವೆಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ವೈರಸ್ಸಿನ ಕವಚದ ಜೀನನ್ನು ಪರಂಗಿಗೆ ಸೇರಿಸಿ, ಗಿಡ ಆ ವೈರಸ್ಸನ್ನು ಮೊದಲೇ ಗುರುತಿಟ್ಟುಕೊಳ್ಳುವಂತೆ ಮಾಡಿದರು. 1998ರಲ್ಲಿ ರೈನ್‌ಬೋ ತಳಿಯ ಬೀಜ ರೈತರ ಕೈ ಸೇರಿತು. ಭಾರತದಲ್ಲಿ ಅಂಥ ಕುಲಾಂತರಿ ಪರಂಗಿಯನ್ನು ಬೆಳೆಯಲು ಅನುಮತಿ ಇಲ್ಲ. ಕುಲಾಂತರಿ ಬೇಕೇ ಬೇಡವೇ ಎಂಬ ಚರ್ಚೆ ನಡೆಯಲಿ, ಅದಕ್ಕೆ ಈ ವೇದಿಕೆ ಸಾಲದು.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಇನ್ನೊಂದು ದಾರಿ. ಗೇಟಿನವರು ಇಬ್ಬರಿದ್ದಾರೆ ಎಂದೆನಲ್ಲ. ಸಾಸಿವೆಯ ಬಂಧುವಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಐಸೋ-4ಇ ಇಲ್ಲದಂತೆ ಮಾಡಿ 2002ರಲ್ಲಿ ಎರಡು ತಂಡಗಳು ಪರೀಕ್ಷಿಸಿದವು. ಗಿಡ ಚೆನ್ನಾಗಿಯೇ ಬೆಳೆಯಿತು, ಏಕೆಂದರೆ ಅಣ್ಣ 4ಇ ಕೆಲಸ ನೋಡಿಕೊಂಡ. ಆದರೆ ಟರ್ನಿಪ್ ಮೊಸಾಯಿಕ್ ವೈರಸ್ಸಿಗೆ ಆ ಗಿಡದಲ್ಲಿ ಬೆಳೆಯಲಾಗಲಿಲ್ಲ. ಅದಕ್ಕೆ ಹಿಡಿಯಲು ಬೇಕಾದ ಕೈಯೇ ಅಲ್ಲಿರಲಿಲ್ಲ. ಅದೇ ವರ್ಷ ಫ್ರಾನ್ಸಿನ ತಂಡವೊಂದು ಇನ್ನೊಂದು ಗುಟ್ಟು ಬಿಡಿಸಿತು. ಕೆಲವು ಮೆಣಸಿನಕಾಯಿ ತಳಿಗಳಿಗೆ ಆಲೂಗಡ್ಡೆಯ ವೈ ವೈರಸ್ಸು ತಗುಲುವುದಿಲ್ಲ ಎಂಬುದು ತಳಿ ಅಭಿವೃದ್ಧಿ ಮಾಡುವವರಿಗೆ ದಶಕಗಳಿಂದ ಗೊತ್ತಿತ್ತು, ಆ ಗುಣವನ್ನು ಮಿಶ್ರತಳಿಗಳಿಗೆ ತರುತ್ತಲೂ ಇದ್ದರು. ಕಾರಣ ಗೊತ್ತಿರಲಿಲ್ಲ. ನೋಡಿದರೆ ಅದು 4ಇ ಪ್ರೋಟೀನಿನಲ್ಲಿ ಕೆಲವೇ ಅಮೈನೋ ಆಮ್ಲಗಳ ಬದಲಾವಣೆ! ಗೇಟಿನವನು ಟೋಪಿಯನ್ನು ಎಂದಿನಂತೆ ಹಿಡಿಯುತ್ತಾನೆ, ವಿಪಿಜಿಗೆ ಮಾತ್ರ ಸಿಗುವುದಿಲ್ಲ. ಲೆಟ್ಯೂಸ್ ಸೊಪ್ಪಿನಲ್ಲಿ, ಬಟಾಣಿಯಲ್ಲಿ, ಬಾರ್ಲಿಯಲ್ಲಿ ಹಳೆಯ ಕಾಲದಿಂದ ಬಂದ ಕೆಲವು ರೋಗನಿರೋಧಕ ಗುಣಗಳಿಗೂ ಇದೇ ಕಾರಣವೆಂದು ಮುಂದಿನ ಮೂರು ವರ್ಷಗಳಲ್ಲಿ ತಿಳಿಯಿತು. ಯಾವ ರೋಗಕ್ಕೂ ಜಗ್ಗದ ಗಿಡದ ಬೀಜವನ್ನು ತೆಗೆದಿಟ್ಟ ರೈತ, ಹೆಸರು ಗೊತ್ತಿಲ್ಲದೆ ಈ ಗೇಟಿನವನನ್ನೇ ಆರಿಸಿದ್ದ.

2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಸೌತೆ ಗಿಡದ 4ಇ ಜೀನನ್ನು ಕೆಡಿಸಿದರು. ಆ ಸೌತೆ, ಪರಂಗಿ ಉಂಗುರ ಚುಕ್ಕೆ ವೈರಸ್ಸಿನ ಸೌತೆ ಕುಂಬಳ ಜಾತಿಗೆ ಬರುವ ಬಗೆಯನ್ನು ತಡೆದುಕೊಂಡಿತು. ಅಂದರೆ ನಮ್ಮ ಪರಂಗಿಯ ಶತ್ರುವಿನ ಒಡಹುಟ್ಟಿದವನೇ ಸೌತೆಯ ಬಾಗಿಲಲ್ಲಿ ಸೋತ. ಆದರೆ ಇದೂ ಶಾಶ್ವತವಲ್ಲ. ವಿಪಿಜಿಯಲ್ಲಿ ಒಂದೆರಡು ಬದಲಾವಣೆಯಾದರೆ ವೈರಸ್ಸು ಹೊಸ ಗೇಟಿನವನನ್ನೂ ಹಿಡಿಯಲು ಕಲಿಯುತ್ತದೆ. ಮೆಣಸಿನಕಾಯಿಯಲ್ಲಿ ಹಾಗೆ ಆಗಿದೆ. ಕೆಲವು ವೈರಸ್ಸುಗಳು ಅಣ್ಣ ತಮ್ಮ ಇಬ್ಬರಲ್ಲಿ ಯಾರು ಸಿಕ್ಕರೂ ಸಾಕು ಎನ್ನುತ್ತವೆ. ಅವಕ್ಕೆ ಇಬ್ಬರನ್ನೂ ಬದಲಿಸಬೇಕು. ಪರಂಗಿಯ ಕಾಡು ಬಂಧುಗಳಾದ ವಾಸ್ಕೋನ್ಸೆಲಿಯಾ ಜಾತಿಯ ಕೆಲವು ಗಿಡಗಳಿಗೆ ಉಂಗುರ ಚುಕ್ಕೆ ರೋಗ ತಗುಲುವುದಿಲ್ಲ. ಅವುಗಳನ್ನು ಪರಂಗಿಯೊಡನೆ ಕೂಡಿಸುವ ಪ್ರಯತ್ನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿಯೂ ನಡೆದಿದೆ. ಎರಡರ ಕುಲ ಬೇರೆಯಾದ್ದರಿಂದ ಬೀಜ ಕಟ್ಟುವುದೇ ಕಷ್ಟ.

ಹಾಗಾದರೆ ಈ ವರ್ಷ ಪರಂಗಿ ಹಾಕುವವರು ಏನು ಮಾಡಬೇಕು? ಬಾಗಿಲೊಳಗೆ ಹೋದ ಮೇಲೆ ಏನೂ ಮಾಡಲಾಗದು ಎಂದ ಮೇಲೆ, ಹೊರಗೇ ತಡೆಯಬೇಕು. ಗಿಡಹೇನು ಈ ವೈರಸ್ಸನ್ನು ರೋಗದ ಗಿಡದಿಂದ ಎತ್ತಿಕೊಳ್ಳಲು ಕೆಲವು ಸೆಕೆಂಡು ಸಾಕು, ಇನ್ನೊಂದು ಗಿಡಕ್ಕೆ ದಾಟಿಸಲೂ ಹೆಚ್ಚು ಹೊತ್ತು ಬೇಡ. ನೀವು ಹೊಡೆದ ಕೀಟನಾಶಕದಿಂದ ಹೇನು ಸಾಯುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಅದಕ್ಕೇ ಮೂರು ಸಲ ಹೊಡೆದರೂ ಉಪಯೋಗವಾಗದಿರುವುದು. ಸಸಿಗಳನ್ನು ಹೇನು ತೂರದ ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸಿ ನೆಡಿ. ತೋಟದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳವನ್ನೋ ಬಿಳಿಜೋಳವನ್ನೋ ಮೊದಲೇ ಎತ್ತರಕ್ಕೆ ಬೆಳೆಸಿ. ಹೊರಗಿನಿಂದ ಹಾರಿಬರುವ ಹೇನು ಮೊದಲು ಅದರ ಮೇಲೆ ಇಳಿದು ಸೊಂಡಿಲು ಒರೆಸಿಕೊಳ್ಳುತ್ತದೆ. ಪರಂಗಿಯ ಪಕ್ಕದಲ್ಲಿ ಸೌತೆ, ಕುಂಬಳ, ಹೀರೆ ಹಾಕಬೇಡಿ. ಮೊದಲ ರೋಗದ ಗಿಡ ಕಂಡ ದಿನವೇ ಅದನ್ನು ಬೇರು ಸಮೇತ ಕಿತ್ತು ಹೂಳಿ. ಕಾಯಿ ಬಿಟ್ಟಿದೆ ಎಂದು ಕರುಣೆ ತೋರಿಸಿದರೆ ಉಳಿದ ಗಿಡಗಳಿಗೆ ಅದೇ ಮೂಲ. ಅಲಸಂದೆಯ ವಿಷಯ ಸ್ವಲ್ಪ ಬೇರೆ. ಪರಂಗಿಯ ವೈರಸ್ಸು ಬೀಜದಲ್ಲಿ ಬರುವುದಿಲ್ಲ, ಅಲಸಂದೆಯ ಮೊಸಾಯಿಕ್ ಬೀಜದಲ್ಲೇ ಬರುತ್ತದೆ. ಮುಂದಿನ ವರ್ಷದ ಬೀಜಕ್ಕೆ ಎಲೆ ಚೆನ್ನಾಗಿರುವ ಗಿಡವನ್ನೇ ಗುರುತು ಹಾಕಿ ಬಿಡಿ. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಟೊಮೆಟೊ, ಮೆಣಸಿನಕಾಯಿ ಸಸಿ ಮುಟ್ಟಬೇಡಿ. ಹೊಗೆಸೊಪ್ಪಿನ ವೈರಸ್ಸಿಗೆ ಹುಳವೇ ಬೇಕಿಲ್ಲ, ಕೈ ಸಾಕು.

ಹುರಳಿ, ಅವರೆಯ ಹಳದಿ ನಂಜು ಕೂಡ ಇದೇನಾ ಎಂದು ಬರುವಾಗ ಒಬ್ಬ ವಿದ್ಯಾರ್ಥಿ ಕೇಳಿದ. ಅಲ್ಲ. ಅದು ಬಿಳಿನೊಣ ತರುವ ಡಿಎನ್‌ಎ ವೈರಸ್ಸು. ಅದು ಗಿಡದ ಕೋಶಕೇಂದ್ರದೊಳಗೇ ಹೋಗಿ ಕೂರುತ್ತದೆ. ಅದರ ಸಂದೇಶಗಳು ಅಲ್ಲಿಂದ ಗಿಡದ ಸಂದೇಶಗಳಂತೆಯೇ ಟೋಪಿ ಹಾಕಿಕೊಂಡು ಹೊರಬರುತ್ತವೆ. ಅವು ಗೇಟಿನಲ್ಲಿ ಮೋಸ ಮಾಡಬೇಕಾಗಿಲ್ಲ, ಪರ್ಮಿಟ್ ಕೊಡುವ ಕಚೇರಿಯನ್ನೇ ಹಿಡಿದಿರುತ್ತವೆ. ಅದಕ್ಕೆ ಗೇಟಿನವನನ್ನು ಬದಲಿಸುವ ಉಪಾಯ ನಡೆಯುವುದಿಲ್ಲ. ಎಲೆಯ ಬಣ್ಣ ನೋಡಿ ಯಾವ ನಂಜೆಂದು ಹೇಳುವುದು ನನ್ನಂಥವರಿಗೂ ಕಷ್ಟವೇ. ಸಂಶಯವಿದ್ದರೆ ಎಳೆಯ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಕಾಗದದೊಡನೆ ಹಾಕಿ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಹೋಗುವಾಗ ಮನೆಯಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ ಜೊತೆಗೆ ಕರೆದೊಯ್ಯಿರಿ, ಅಲ್ಲಿನ ಪ್ರಯೋಗಾಲಯವನ್ನು ಅವರೂ ನೋಡಲಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.